ಉಪಾಧ್ಯಕ್ಷ ಅಭ್ಯರ್ಥಿ ತನ್ನ ರಾಜ್ಯವನ್ನು ಗೆದ್ದುಕೊಡುತ್ತಾನೆಯೇ?

ಪ್ರಶ್ನೆ ಕೇಳಿದವರು: ಗಂಗಾವತಿ ಲೆಕ್ಕಿಗ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಭತ್ತದ ಲಾರಿಗಳು ಕಡಿಮೆಯಾದ ಹಾಗೆ ಗಿರಣಿಯಲ್ಲಿ ಮಾತು ಹೆಚ್ಚಾಗುತ್ತದೆ. ಈ ಸಲ ಅದು ಅಮೆರಿಕದವರೆಗೆ ಹೋಯಿತು. ಮಾಲೀಕರ ಮಗನ ವಾದ ಇದು: ಅಲ್ಲಿ ಅಧ್ಯಕ್ಷಗಿರಿಗೆ ನಿಂತವನು ಉತ್ತರದವನಾದರೆ ದಕ್ಷಿಣದವನನ್ನು, ವಯಸ್ಸಾದವನಾದರೆ ಹರೆಯದವನನ್ನು ಉಪಾಧ್ಯಕ್ಷಗಿರಿಗೆ ಜೊತೆ ಮಾಡಿಕೊಳ್ಳುತ್ತಾನೆ, ಆ ಜೊತೆಗಾರ ತನ್ನ ರಾಜ್ಯವನ್ನು ಗೆದ್ದುಕೊಡುತ್ತಾನೆ. ನಮ್ಮ ಕಡೆ ಸಹಕಾರ ಸಂಘದ ಚುನಾವಣೆಗೆ ಪ್ಯಾನೆಲ್ ಕಟ್ಟುವಾಗ ಊರವರೊಬ್ಬರು, ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರೊಬ್ಬರು ಎಂದು ಜೋಡಿಸುವುದಿಲ್ಲವೇ, ಹಾಗೆ. ಪುರಾವೆಗೆ ಅವನು 1960ನ್ನು ತೋರಿಸುತ್ತಾನೆ. ಮ್ಯಾಸಚೂಸೆಟ್ಸ್‌ನ ಕ್ಯಾಥೊಲಿಕ್ ಜಾನ್ ಕೆನಡಿ, ಟೆಕ್ಸಾಸ್‌ನ ಪ್ರೊಟೆಸ್ಟೆಂಟ್ ಲಿಂಡನ್ ಜಾನ್ಸನ್. ಜಾನ್ಸನ್ ಇಲ್ಲದಿದ್ದರೆ ಕೆನಡಿ ಮಣ್ಣು ಮುಕ್ಕುತ್ತಿದ್ದ ಎನ್ನುತ್ತಾನೆ.

ಅಂಕಿ ಕಂಡರೆ ಕೂಡಿಸಿ ಕಳೆಯದೆ ನನಗೆ ನಿದ್ದೆ ಹತ್ತುವುದಿಲ್ಲ. ಅಲ್ಲಿ ಅಧ್ಯಕ್ಷನನ್ನು ಆರಿಸುವುದು ರಾಜ್ಯಕ್ಕೆ ಇಂತಿಷ್ಟು ಎಂದಿರುವ ಚುನಾಯಕರ ಮತ, ಅಂದರೆ ಎಲೆಕ್ಟೋರಲ್ ಮತ; ಸಾಮಾನ್ಯವಾಗಿ ರಾಜ್ಯ ಗೆದ್ದವನಿಗೆ ಅದರ ಅಷ್ಟೂ ಮತ ಸೇರುತ್ತವೆ. ಆ ವರ್ಷ ಕೆನಡಿಗೆ ಬಂದ ಎಲೆಕ್ಟೋರಲ್ ಮತ 303, ಎದುರಾಳಿ ನಿಕ್ಸನ್‌ಗೆ 219. ಗೆಲ್ಲಲು 269 ಸಾಕಿತ್ತು. ಟೆಕ್ಸಾಸ್‌ನ 24ನ್ನು ಕಳೆದರೂ ಕೆನಡಿಯ ಬಳಿ 279 ಉಳಿಯುತ್ತದೆ. ಅಂದರೆ ಟೆಕ್ಸಾಸ್ ಕೈಬಿಟ್ಟಿದ್ದರೂ ಅವನು ಅಧ್ಯಕ್ಷನೇ. ಜೊತೆಗೆ ಉತ್ತರ ಕೆರೊಲಿನಾದ 14 ಕೂಡ ಹೋಗಿದ್ದರೆ ಮಾತ್ರ 265ಕ್ಕೆ ಇಳಿದು ಪೇಚಿಗೆ ಸಿಲುಕುತ್ತಿದ್ದ. ಹಾಗಾದರೆ ಜಾನ್ಸನ್ ಕೊಟ್ಟದ್ದು ಒಂದು ರಾಜ್ಯವೋ, ಇಡೀ ದಕ್ಷಿಣವೋ, ಅಥವಾ ಬರೀ ಹೆಸರೋ?

ಜೊತೆಗಾರನ ರಾಜ್ಯವೇ ಕೈಹಿಡಿದು ಗೆಲ್ಲಿಸಿದ ಚುನಾವಣೆ ಒಂದಾದರೂ ಇದೆಯೇ? ಇಲ್ಲವೆಂದಾದರೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಇಷ್ಟು ಅಳೆದು ಸುರಿದು ಆರಿಸುವ ಸಂಭ್ರಮ ಯಾವ ಪುರುಷಾರ್ಥಕ್ಕೆ? ತಿಳಿದವರು ಹೇಳಿ. ‘ಅದು ನಮ್ಮ ಉಪಮುಖ್ಯಮಂತ್ರಿ ಹುದ್ದೆಯ ಹಾಗೆ’ ಎಂಬ ಉತ್ತರ ಬೇಡ. ಅದನ್ನು ಗಿರಣಿಯಲ್ಲಿ ಆಗಲೇ ಮೂರು ಜನ ಹೇಳಿದ್ದಾರೆ.

ಉತ್ತರ: ಕೌಲ್ ಬಜಾರಿನವನು

ಬಳ್ಳಾರಿಯವನಾಗಿ ಒಂದು ವಿಷಯ ಸೇರಿಸುತ್ತೇನೆ. ಅದೇ 1960ರಲ್ಲಿ ಜಾನ್ಸನ್ ಉಪಾಧ್ಯಕ್ಷ ಸ್ಥಾನಕ್ಕೂ ಟೆಕ್ಸಾಸ್‌ನ ಸೆನೆಟ್ ಸ್ಥಾನಕ್ಕೂ ಒಟ್ಟಿಗೆ ನಿಂತಿದ್ದ. ಅದಕ್ಕೆ ಅನುವಾಗುವಂತೆ ಆ ರಾಜ್ಯದ ಕಾನೂನನ್ನೇ ಮೊದಲು ತಿದ್ದಿಸಿಕೊಂಡಿದ್ದರು. ಎರಡೂ ಕಡೆ ಗೆದ್ದ, ಸೆನೆಟ್ ಬಿಟ್ಟ. ಮರುವರ್ಷದ ಉಪಚುನಾವಣೆಯಲ್ಲಿ ಆ ಜಾಗ ಎದುರು ಪಕ್ಷದ ಜಾನ್ ಟವರ್ ಪಾಲಾಯಿತು. ಉಪಾಧ್ಯಕ್ಷನಾದವನು ತನ್ನ ರಾಜ್ಯದ ಸೆನೆಟ್ ಸ್ಥಾನವನ್ನೇ ಪಕ್ಷಕ್ಕೆ ಉಳಿಸಿಕೊಡಲಾಗಲಿಲ್ಲ.

ಎರಡು ಕಡೆ ನಿಲ್ಲುವುದೆಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1999ರಲ್ಲಿ ಸೋನಿಯಾ ಗಾಂಧಿ ಅಮೇಠಿಯ ಜೊತೆಗೆ ಬಳ್ಳಾರಿಯಲ್ಲೂ ನಿಂತರು, ಸುಷ್ಮಾ ಸ್ವರಾಜ್ ಕನ್ನಡ ಕಲಿತು ಬಂದು ಎದುರಾದರು. ಆಗ ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಗುಂಡಿ ಹಾಕುವ ಹುಡುಗ. ದೆಹಲಿಯ ಕ್ಯಾಮೆರಾದವರು ಬಂದು ನಮ್ಮ ಯಂತ್ರಗಳ ನಡುವೆ ನಿಂತು ‘ನಿಮ್ಮ ಮತ ಯಾರಿಗೆ’ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಗೆದ್ದವರು ಅಮೇಠಿಯನ್ನು ಇಟ್ಟುಕೊಂಡರು, ನಮಗೆ ಉಪಚುನಾವಣೆ ಬಂತು. ಟೆಕ್ಸಾಸ್‌ನವರಿಗೆ ಆದ ಬೇಸರ ನನಗೆ ಅರ್ಥವಾಗುತ್ತದೆ.

ಉತ್ತರ: ರಾಯಚೂರು ಮೇಷ್ಟ್ರು

ಲೆಕ್ಕಿಗರೇ, ನಿಮ್ಮ ಕೂಡಿಕೆ, ಕಳೆತ ಸರಿಯಾಗಿದೆ. ಆದರೆ ಮತದಾರನೊಬ್ಬನನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ್ದೀರಿ. ಜೊತೆ ಅಭ್ಯರ್ಥಿಯನ್ನು ಆರಿಸುವಾಗ ನಾಯಕನ ಕಣ್ಣು ಹೆಚ್ಚಾಗಿ ಇರುವುದು ಊರ ಮತದಾರನ ಮೇಲಲ್ಲ, ತನ್ನದೇ ಪಕ್ಷದಲ್ಲಿ ಸೋತು ಮುಖ ಊದಿಸಿಕೊಂಡು ಕುಳಿತ ಬಣದ ಮೇಲೆ. ಅವರ ಮೂಗಿಗೆ ತುಪ್ಪ ಸವರುವುದೇ ಮೊದಲ ಕೆಲಸ. 1960ರಲ್ಲೂ ಅಧ್ಯಕ್ಷ ಅಭ್ಯರ್ಥಿಯಾಗಲು ಕೆನಡಿಯ ಎದುರು ನಿಂತು ಎರಡನೆಯವನಾಗಿ ಬಂದವನು ಇದೇ ಜಾನ್ಸನ್.

ನೀವು ಕೇಳಿದ ಉದಾಹರಣೆ ಇದೆ, ಅದು 1880ರದ್ದು. ನಾನು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದಾಗ, ನಮ್ಮ ರಾಯಚೂರಿನ ಬೇಸಿಗೆಯ ಮಧ್ಯಾಹ್ನ, ಫ್ಯಾನ್ ನಿಂತ ಕೊಠಡಿಯಲ್ಲಿ ಹಿಂದಿನ ಬೆಂಚನ್ನೂ ಎಚ್ಚರವಾಗಿಡುತ್ತಿದ್ದ ಕಥೆ ಇದೊಂದೇ. ಪಠ್ಯದಲ್ಲಿ ಇರಲಿಲ್ಲ, ಹೇಳಿಬಿಡುತ್ತಿದ್ದೆ.

ಶಿಕಾಗೊದಲ್ಲಿ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ ಪಕ್ಷದ ಅಧಿವೇಶನ. ನ್ಯೂಯಾರ್ಕ್‌ನ ಸೆನೆಟರ್ ರಾಸ್ಕೊ ಕಾಂಕ್ಲಿಂಗ್‌ನ ಬಣಕ್ಕೆ ಯುಲಿಸಿಸ್ ಗ್ರಾಂಟ್ ಮೂರನೆಯ ಸಲ ಅಧ್ಯಕ್ಷನಾಗಬೇಕು. ಎದುರು ಬಣ ಸುತರಾಂ ಒಪ್ಪದು. ಸುತ್ತಿನ ಮೇಲೆ ಸುತ್ತು ಮತದಾನವಾಗಿ, 36ನೆಯ ಸುತ್ತಿನಲ್ಲಿ ಓಹಾಯೊದ ಜೇಮ್ಸ್ ಗಾರ್ಫೀಲ್ಡ್ ಆಯ್ಕೆಯಾದ. ಪಾಪ, ಅವನು ಬಂದದ್ದು ಬೇರೆಯವನೊಬ್ಬನ ಹೆಸರು ಸೂಚಿಸಿ ಭಾಷಣ ಮಾಡಲು! ಗ್ರಾಂಟ್‌ನ ಪರ ಕೊನೆಯವರೆಗೂ ಕದಲದೆ ನಿಂತ 306 ಪ್ರತಿನಿಧಿಗಳು ಹಲ್ಲು ಕಡಿಯುತ್ತಿದ್ದರು. ನ್ಯೂಯಾರ್ಕ್ ಇಲ್ಲದೆ ಗೆಲುವಿಲ್ಲ, ಕಾಂಕ್ಲಿಂಗ್ ಮುನಿದರೆ ನ್ಯೂಯಾರ್ಕ್ ಇಲ್ಲ. ಹಾಗಾಗಿ ಉಪಾಧ್ಯಕ್ಷ ಸ್ಥಾನವನ್ನು ಆ ಬಣದ ಲೀವೈ ಮಾರ್ಟನ್‌ಗೆ ನೀಡಲು ಹೋದರು. ಅವನು ತನ್ನ ದಣಿಯ ಮಾತು ಕೇಳಿ ಬೇಡವೆಂದ. ಆಮೇಲೆ ಚೆಸ್ಟರ್ ಆರ್ಥರ್‌ನನ್ನು ಕೇಳಿದರು. ಕಾಂಕ್ಲಿಂಗ್ ಅವನಿಗೂ ಬಿಟ್ಟುಬಿಡು ಎಂದು ಗದರಿಸಿದ. ಇವನು ಜಗ್ಗಲಿಲ್ಲ. ಇಷ್ಟು ದೊಡ್ಡ ಗೌರವವನ್ನು ಕನಸಿನಲ್ಲೂ ನೆನೆಸಿರಲಿಲ್ಲ ಎಂದು ಹೇಳಿ ಒಪ್ಪಿಕೊಂಡುಬಿಟ್ಟ.

ಯಾರು ಈ ಆರ್ಥರ್? ಅಲ್ಲಿಯವರೆಗೆ ಒಂದು ಚುನಾವಣೆಯನ್ನೂ ಗೆದ್ದವನಲ್ಲ. ನ್ಯೂಯಾರ್ಕ್ ಬಂದರಿನ ಸುಂಕದ ಕಟ್ಟೆಯ ಮುಖ್ಯಸ್ಥನಾಗಿದ್ದವನು. ದೇಶದ ವರಮಾನದ ದೊಡ್ಡ ಪಾಲು ಅಲ್ಲಿಂದಲೇ ಹರಿಯುತ್ತಿತ್ತು. ಕೆಲಸ ಸಿಗುತ್ತಿದ್ದದ್ದು ಬಣದವರಿಗೆ. ನೌಕರರ ಸಂಬಳದಲ್ಲಿ ಒಂದಿಷ್ಟು ಪಕ್ಷದ ಹುಂಡಿಗೆ. 1878ರಲ್ಲಿ ಸ್ವಪಕ್ಷದ ಅಧ್ಯಕ್ಷ ಹೇಯ್ಸ್‌ನೇ ಅವನನ್ನು ಆ ಕುರ್ಚಿಯಿಂದ ಎಬ್ಬಿಸಿದ್ದ. ಅಂಥವನನ್ನು ಎರಡು ವರ್ಷದಲ್ಲಿ ದೇಶದ ಎರಡನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು, ಕೇವಲ ಸಮತೋಲಕ್ಕಾಗಿ.

ಫಲಿತಾಂಶ ನೋಡಿ. ಗಾರ್ಫೀಲ್ಡ್‌ಗೆ 214, ಎದುರಾಳಿ ಹ್ಯಾನ್ಕಾಕ್‌ಗೆ 155. ನ್ಯೂಯಾರ್ಕ್‌ನ ಪಾಲು 35. ಕಳೆಯುವ ಕೆಲಸ ನಿಮಗೇ ಬಿಟ್ಟಿದ್ದೇನೆ. ದೇಶದ ಒಟ್ಟು ಜನಮತದಲ್ಲಿ ಇಬ್ಬರ ನಡುವಿನ ಅಂತರ ಹತ್ತು ಸಾವಿರವನ್ನೂ ಮುಟ್ಟಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಜೊತೆ ಅಭ್ಯರ್ಥಿಯ ಮಹಿಮೆಯನ್ನು ನಾನೂ ಹಾಡುತ್ತಿದ್ದೆ. ಗೆದ್ದ ಗಾರ್ಫೀಲ್ಡ್ ಅದೇ ಸುಂಕದ ಕಟ್ಟೆಗೆ ಕಾಂಕ್ಲಿಂಗ್‌ನ ವೈರಿಯನ್ನು ನೇಮಿಸಿದ. ಕಾಂಕ್ಲಿಂಗ್ ಸಿಟ್ಟಿನಿಂದ ಸೆನೆಟ್‌ಗೆ ರಾಜೀನಾಮೆ ಎಸೆದು, ಮತ್ತೆ ಆರಿಸಿ ಕಳಿಸಿ ಎಂದು ನ್ಯೂಯಾರ್ಕ್ ಶಾಸಕರ ಮುಂದೆ ಹೋದ. ಅವನ ಪರವಾಗಿ ಆ ಶಾಸಕರ ಬಳಿ ಓಡಾಡಿದವನು ಯಾರು? ಹಾಲಿ ಉಪಾಧ್ಯಕ್ಷ ಆರ್ಥರ್! ಎತ್ತು ಏರಿಗೆ, ಕೋಣ ನೀರಿಗೆ. 1881ರ ಜುಲೈ 2ರಂದು ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೊ ಎಂಬ ಕೆಲಸಾಕಾಂಕ್ಷಿ ಗಾರ್ಫೀಲ್ಡ್‌ಗೆ ಗುಂಡು ಹೊಡೆದು, ತಾನು ಕಾಂಕ್ಲಿಂಗ್ ಬಣದವನು, ಇನ್ನು ಆರ್ಥರ್ ಅಧ್ಯಕ್ಷನಾಗುತ್ತಾನೆ ಎಂದು ಸಾರಿದ. ಗಾರ್ಫೀಲ್ಡ್ ನರಳಿ ನರಳಿ ಸೆಪ್ಟೆಂಬರ್ 19ರಂದು ತೀರಿಕೊಂಡ. ಬಣ ಸಮಾಧಾನಕ್ಕೆ ಕೊಟ್ಟ ಕುರ್ಚಿ ಈಗ ಮೊದಲ ಕುರ್ಚಿ.

ದೇಶ ತಲೆಯ ಮೇಲೆ ಕೈ ಹೊತ್ತಿತು. ಆರ್ಥರ್ ಮಾಡಿದ್ದೇನು ಗೊತ್ತೇ? ಪರೀಕ್ಷೆ ಬರೆದವರಿಗೆ ಸರ್ಕಾರಿ ಕೆಲಸ ಎಂಬ ಪೆಂಡಲ್ಟನ್ ಕಾಯ್ದೆಗೆ 1883ರಲ್ಲಿ ಸಹಿ ಹಾಕಿದ. ನೌಕರರಿಂದ ಪಕ್ಷಕ್ಕೆ ಹಣ ಎತ್ತುವುದಕ್ಕೂ ಅದರಲ್ಲಿ ತಡೆ ಇತ್ತು. ಕಾಯ್ದೆ ಮೊದಲು ಅನ್ವಯವಾದ ಕಡೆಗಳಲ್ಲಿ ದೊಡ್ಡ ಬಂದರುಗಳ ಸುಂಕದ ಕಟ್ಟೆಗಳೂ ಸೇರಿದ್ದವು. ಹಳೆಯ ಗೆಳೆಯರು ಅವನ ಮುಖ ನೋಡುವುದನ್ನೂ ಬಿಟ್ಟರಂತೆ. ನನಗೆ ಅದರಲ್ಲಿ ಆಶ್ಚರ್ಯವಿಲ್ಲ.

ಇದು ಅದೃಷ್ಟ. ಎಲ್ಲ ಸಲವೂ ಹಾಗಾಗುವುದಿಲ್ಲ. 1864ರಲ್ಲಿ ಲಿಂಕನ್ ತನ್ನ ಮೊದಲ ಉಪಾಧ್ಯಕ್ಷ ಮೇಯ್ನ್ ರಾಜ್ಯದ ಹ್ಯಾಮ್ಲಿನ್ ಬದಲು ಟೆನೆಸಿಯ ಆಂಡ್ರೂ ಜಾನ್ಸನ್ ಜೊತೆ ಚುನಾವಣೆಗೆ ಹೋದ. ಜಾನ್ಸನ್ ದಕ್ಷಿಣದವನು, ಎದುರು ಪಕ್ಷದವನು, ಆದರೂ ದಕ್ಷಿಣದ ವಿರುದ್ಧದ ಅಂತರ್ಯುದ್ಧಕ್ಕೆ ಬೆಂಬಲ ಕೊಟ್ಟವನು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ತೂಕವಿಲ್ಲ. ಆರು ತಿಂಗಳೊಳಗೆ ಲಿಂಕನ್ ಹತ್ಯೆಯಾಯಿತು. ಬಿಡುಗಡೆಯಾದ ಕರಿಯರ ಹಕ್ಕುಗಳಿಗೆ ಅಡ್ಡಗಾಲು ಹಾಕುತ್ತ ಕೂತ ಜಾನ್ಸನ್ 1868ರ ಮಹಾಭಿಯೋಗದಲ್ಲಿ, ಅಂದರೆ ಪದಚ್ಯುತಿಯ ವಿಚಾರಣೆಯಲ್ಲಿ, ಒಂದೇ ಮತದಿಂದ ಬಚಾವಾದ. ಅಧ್ಯಕ್ಷರ ಸಾವಿನಿಂದ ಹೀಗೆ ಕುರ್ಚಿಗೆ ಬಂದ ಉಪಾಧ್ಯಕ್ಷರು ಎಂಟು ಮಂದಿ. ಆದ್ದರಿಂದ ‘ರಾಜ್ಯ ಗೆದ್ದುಕೊಡುತ್ತಾನೆಯೇ’ ಎಂದು ಕೇಳುವ ಮೊದಲು ‘ನಾಳೆ ಬೆಳಿಗ್ಗೆ ಇವನೇ ಅಧ್ಯಕ್ಷನಾದರೆ ಒಪ್ಪಿಗೆಯೇ’ ಎಂದು ಕೇಳಬೇಕು. ಬಣಗಳ ತೂಕ ನೋಡುವ ಗಡಿಬಿಡಿಯಲ್ಲಿ ಅದನ್ನು ಕೇಳಿದವರು ಕಡಿಮೆ.

ಉಪಮುಖ್ಯಮಂತ್ರಿಯ ಹೋಲಿಕೆ ಬೇಡವೆಂದದ್ದು ಒಳ್ಳೆಯದಾಯಿತು. ನಮ್ಮಲ್ಲಿ ಆ ಹಂಚಿಕೆ ನಡೆಯುವುದು ಮತ ಎಣಿಸಿದ ಮೇಲೆ. ಸಂವಿಧಾನದಲ್ಲಿ ಆ ಹುದ್ದೆಯ ಹೆಸರೂ ಇಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ ಮೂವರು ಒಟ್ಟಿಗೆ ಇದ್ದರು, ಮುಖ್ಯಮಂತ್ರಿಗೆ ಏನಾದರೂ ಆದರೆ ಮೂವರಲ್ಲಿ ಯಾರಿಗೂ ಕುರ್ಚಿ ತಾನಾಗಿ ಬರುತ್ತಿರಲಿಲ್ಲ.

ಉತ್ತರ: ಸಿಂಧನೂರಿನಿಂದ ಟೆಕ್ಸಾಸ್‌ಗೆ

ಮೇಷ್ಟ್ರು ಹಳೆಯದನ್ನು ಹೇಳಿದರು, ನಾನಿರುವ ರಾಜ್ಯದ್ದೇ ಒಂದು ಹೇಳುತ್ತೇನೆ. ಒಬ್ಬ ಚುನಾಯಕ ತನ್ನ ರಾಜ್ಯದವರಾದ ಇಬ್ಬರಿಗೆ ಎರಡೂ ಮತ ಹಾಕುವಂತಿಲ್ಲ ಎಂದು ಇಲ್ಲಿನ ಸಂವಿಧಾನದಲ್ಲಿದೆ. 2000ದಲ್ಲಿ ಜಾರ್ಜ್ ಬುಷ್ ಟೆಕ್ಸಾಸ್ ಗವರ್ನರ್. ಉಪಾಧ್ಯಕ್ಷನನ್ನು ಹುಡುಕಿಕೊಡಲು ಅವರು ನೇಮಿಸಿದ್ದ ಡಿಕ್ ಚೇನಿ ಕೊನೆಗೆ ತಾವೇ ಅಭ್ಯರ್ಥಿಯಾದರು. ಅವರ ಮನೆಯೂ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ! ತಡಮಾಡದೆ ಮತದಾರರ ಪಟ್ಟಿಯ ಹೆಸರನ್ನು ವಯೋಮಿಂಗ್‌ಗೆ ವರ್ಗಾಯಿಸಿಕೊಂಡರು. ಇಲ್ಲದಿದ್ದರೆ ಟೆಕ್ಸಾಸ್‌ನ 32 ಮತ ಚೇನಿಗೆ ಸಿಗುವಂತಿರಲಿಲ್ಲ, ಆ ಜೋಡಿ ಗೆದ್ದದ್ದೇ 271ರಲ್ಲಿ. ವಯೋಮಿಂಗ್‌ಗೆ ಇರುವುದು ಮೂರೇ ಮತ, ಅದೂ ಮೊದಲಿನಿಂದ ಅವರ ಪಕ್ಷದ್ದೇ. ರಾಜ್ಯ ಗೆಲ್ಲಲು ಮಾಡಿದ ಆಯ್ಕೆ ಅದಲ್ಲ; ಬುಷ್‌ಗೆ ಅನುಭವ ಸಾಲದು ಎನ್ನುತ್ತಿದ್ದವರ ಬಾಯಿ ಮುಚ್ಚಿಸಲು ಹಳೆಯ ರಕ್ಷಣಾ ಸಚಿವರೊಬ್ಬರು ಬೇಕಾಗಿದ್ದರು.

ಇನ್ನೊಂದು ಮಾತು. 2024ರಲ್ಲಿ ಟ್ರಂಪ್‌ನ ಜೊತೆ ಅಭ್ಯರ್ಥಿಯಾಗಿ ವ್ಯಾನ್ಸ್ ಹೆಸರು ಹೊರಬಿದ್ದಾಗ ಅವರ ಹೆಂಡತಿ ಉಷಾ ಆಂಧ್ರ ಮೂಲದವರೆಂದು ನಮ್ಮ ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳ ಗೆಳೆಯರು ನನಗೆ ಸಂದೇಶದ ಮೇಲೆ ಸಂದೇಶ ಕಳಿಸಿದರು. ಕಮಲಾ ಹ್ಯಾರಿಸ್ ತಾಯಿ ತಮಿಳುನಾಡಿನವರು, ಎದುರಿಗೆ ತೆಲುಗಿನವರು, ಕನ್ನಡದವರು ಯಾವಾಗ ಎಂದು ಅಣ್ಣ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.

ಮರುಪ್ರಶ್ನೆ: ಗಂಗಾವತಿ ಲೆಕ್ಕಿಗ

ಮೇಷ್ಟ್ರೇ, ಕಳೆದು ನೋಡಿದೆ. 214ರಲ್ಲಿ 35 ಹೋದರೆ 179, ಆಚೆ 190. ತಕ್ಕಡಿ ತಲೆಕೆಳಗು. ಒಪ್ಪಿದೆ.

ಹಾಗೆಯೇ 2024ನ್ನೂ ಹಾಕಿ ನೋಡಿದೆ. ಹ್ಯಾರಿಸ್ ಪೆನ್ಸಿಲ್ವೇನಿಯಾದ ಗವರ್ನರ್‌ನನ್ನು ಬಿಟ್ಟು ಮಿನೆಸೋಟದ ವಾಲ್ಜ್‌ನನ್ನು ತೆಗೆದುಕೊಂಡದ್ದೇ ಸೋಲಿಗೆ ಕಾರಣ ಎಂದು ಆಗ ಬಹಳ ಜನ ಬರೆದರು. ಹ್ಯಾರಿಸ್‌ಗೆ ಬಂದದ್ದು 226. ಪೆನ್ಸಿಲ್ವೇನಿಯಾದ 19 ಸೇರಿಸಿದರೂ 245. ಬೇಕಿದ್ದದ್ದು 270. ಟ್ರಂಪ್ ಕಡೆಯೂ ಅಷ್ಟೇ, ವ್ಯಾನ್ಸ್ ಅವರ ಓಹಾಯೊ 2016 ಮತ್ತು 2020ರಲ್ಲಿ ಆಗಲೇ ಟ್ರಂಪ್ ಪಾಲಾಗಿತ್ತು. ಹಾಗಾದರೆ ತೂಕವೇ ನೋಡದೆ ತನ್ನಂಥವನನ್ನೇ ಆರಿಸಿದ ಉದಾಹರಣೆ ಉಂಟೇ?

ಉತ್ತರ: ರಾಯಚೂರು ಮೇಷ್ಟ್ರು

ಉಂಟು. 1992ರಲ್ಲಿ ಆರ್ಕನ್ಸಾದ ಕ್ಲಿಂಟನ್ ಪಕ್ಕದ ಟೆನೆಸಿಯ ಆಲ್ ಗೋರ್‌ನನ್ನು ಆರಿಸಿದ. ಇಬ್ಬರೂ ದಕ್ಷಿಣದವರು, ಇಬ್ಬರೂ ಬ್ಯಾಪ್ಟಿಸ್ಟರು, ಚುನಾವಣೆಯ ಹೊತ್ತಿಗೆ ಒಬ್ಬನಿಗೆ 46, ಇನ್ನೊಬ್ಬನಿಗೆ 44. ಎದುರಿಗೆ 68ರ ಹಿರಿಯ ಬುಷ್. ಇಬ್ಬರು ಹರೆಯದವರು ಒಂದೇ ವೇದಿಕೆಯಲ್ಲಿ ನಿಂತದ್ದೇ ಪ್ರಚಾರವಾಯಿತು. ಪಕ್ಷದ ಬಣಗಳು ಗೊಣಗಲಿಲ್ಲ. ಹನ್ನೆರಡು ವರ್ಷ ಅಧಿಕಾರ ಕಾಣದೆ ಗೊಣಗುವ ಶಕ್ತಿಯೂ ಉಳಿದಿರಲಿಲ್ಲ.

ಅದೇ ಗೋರ್ 2000ದಲ್ಲಿ ತಾನೇ ಅಧ್ಯಕ್ಷಗಿರಿಗೆ ನಿಂತಾಗ 266ಕ್ಕೆ ನಿಂತುಹೋದ. ಎಲ್ಲರೂ ಫ್ಲಾರಿಡಾದ ಮತಚೀಟಿಗಳ ಬಗ್ಗೆ ಮಾತಾಡುತ್ತಾರೆ. ಅವನ ಸ್ವಂತ ಟೆನೆಸಿಗೆ 11 ಮತ ಇದ್ದವು, ಟೆನೆಸಿಯವರು ಅವನ್ನು ಕಿರಿಯ ಬುಷ್‌ಗೆ ಕೊಟ್ಟರು. 266ಕ್ಕೆ 11 ಸೇರಿಸಿ ನೋಡಿ, ಫ್ಲಾರಿಡಾ ಬೇಕೇ ಇರಲಿಲ್ಲ.