ಭಾವ, ಆಂಟೆನಾ ವಿಷಯ

ಭಾವ, ನಿನ್ನೆ ಗ್ರೂಪಿನಲ್ಲಿ ಕೇಳಿದ್ದಿರಲ್ಲ, ಟೆಂಪೋ ಟ್ರಾವೆಲರನ್ನು ಒಳಗೇ ಮಲಗುವಂಥ ಕ್ಯಾಂಪರ್ ಮಾಡಿಸುತ್ತಿದ್ದೇನೆ, ರೇಡಿಯೋಗೆ ಚಾವಣಿ ಮೇಲೆ ಶಾರ್ಕ್ ಫಿನ್ ಆಂಟೆನಾ, ಅದೇ ಮೀನಿನ ರೆಕ್ಕೆಯಂಥದ್ದು, ಹಾಕಿಸಲಾ ಅಂತ. ಟೈಪ್ ಮಾಡಿದರೆ ಮುಗಿಯೋದಿಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತೇನೆ.

ನೋಡೋಕೆ ಚೆನ್ನಾಗಿರುತ್ತೆ, ನಾನೂ ಅದಕ್ಕೇ ಮರುಳಾಗಿದ್ದೆ. ನಮ್ಮ ವ್ಯಾನಿಗೆ ಫೈಬರ್ ಚಾವಣಿ ಅಲ್ವಾ? ಅಂಗಡಿಯವನು ಅದರ ಮೇಲೇ ಅಂಟಿಸಿ ಕೊಟ್ಟ. ಮಡಿಕೇರಿ ಪೇಟೆಯೊಳಗೇ ಮಡಿಕೇರಿ ಆಕಾಶವಾಣಿ, ಅದೇ ಎಫ್‌ಎಂ 103.1, ಕೊರ್ ಅನ್ನುತ್ತಿತ್ತು! ಬಿಚ್ಚಿ ನೋಡಿದರೆ ಎರಡು ತಪ್ಪು. ಫಿನ್ ಗಿಡ್ಡ, ಒಳಗೆ ಪುಟ್ಟ ಆಂಪ್ಲಿಫೈಯರ್ ಇರುತ್ತೆ, ಅದಕ್ಕೆ 12 ವೋಲ್ಟ್ ಬೇಕು. ಪುಣ್ಯಾತ್ಮ ಆ ವೈರಿಗೆ ಟೇಪ್ ಸುತ್ತಿ ಸುಮ್ನೆ ಬಿಟ್ಟಿದ್ದ. ಎರಡನೆಯದು, ಆಂಟೆನಾ ಬುಡದಲ್ಲಿರುವ ತಗಡೂ ಆಂಟೆನಾದ ಅರ್ಧ ಇದ್ದಂತೆ. ಫೈಬರ್ ಮೇಲೆ ಆ ಅರ್ಧವೇ ಇಲ್ಲ.

ಆಮೇಲೆ ಸಾದಾ ಕಡ್ಡಿ ಆಂಟೆನಾ ತಂದೆ, ಬುಡದಲ್ಲಿ ಸ್ಪ್ರಿಂಗ್ ಇರುವಂಥದ್ದು. ತೋಟದ ದಾರಿಯಲ್ಲಿ ಕೊಂಬೆ ಬಡಿದರೆ ಬಾಗಿ ಮತ್ತೆ ನಿಲ್ಲುತ್ತೆ. ಉದ್ದ ಎಪ್ಪತ್ತು, ಎಪ್ಪತ್ತೈದು ಸೆಂಟಿಮೀಟರ್ ಇರಲಿ. 103.1ರ ಅಲೆಯ ಕಾಲು ಭಾಗ ಹೆಚ್ಚುಕಡಿಮೆ ಅಷ್ಟೇ ಆಗುತ್ತೆ. ಬಾನೆಟ್ ಪಕ್ಕದ ತಗಡಿಗೆ ತೂತು ಕೊರೆದು ಕೂರಿಸಿದೆ.

ಮುಖ್ಯ ಕೆಲಸ ಇರೋದು ತೂತಿನ ಅಡಿಭಾಗದಲ್ಲಿ. ಮೇಲಿನ ಬಣ್ಣ ಮುಟ್ಟಬೇಡಿ. ಒಳಗಡೆ, ನಟ್ಟು ಕಚ್ಚುವ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟಗಲ ಬಣ್ಣ ಕೆರೆಯಿರಿ, ಹೊಳೆಯುವ ಕಬ್ಬಿಣ ಕಾಣಬೇಕು, ಆಗಲೇ ಆಂಟೆನಾ ಬುಡಕ್ಕೂ ತಗಡಿಗೂ ಸಂಪರ್ಕ ಸಿಗೋದು. ಬಿಗಿದ ಮೇಲೆ ಗ್ರೀಸ್ ಬಳಿಯಿರಿ. ತೂತಿನ ಅಂಚಿಗೆ ಪೇಂಟ್, ಮೇಲೆ ರಬ್ಬರ್ ವಾಷರ್, ಸುತ್ತ ಸಿಲಿಕೋನ್. ನಮ್ಮ ಜೂನ್, ಜುಲೈ ಮಳೆಗೆ ತುಕ್ಕು ಹಿಡಿಯೋಕೆ ಒಂದು ಸೀಸನ್ ಸಾಕು. ಕೇಬಲ್ ಒಳಗೆ ಹೋಗುವ ಮುಂಚೆ ಸ್ವಲ್ಪ ಇಳಿಬಿಟ್ಟು ಬಾಗಿಸಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಹಿಡಿದು ನೋಡಿ, ಸಂಪರ್ಕ ಇದ್ದರೆ ಅದು ಬೀಪ್ ಅನ್ನುತ್ತೆ. ಆಂಟೆನಾ ಬುಡದಿಂದ ಬ್ಯಾಟರಿ ಮೈನಸ್‌ಗೆ ಬೀಪ್ ಬರಬೇಕು. ಕಡ್ಡಿಯಿಂದ ಬುಡಕ್ಕೆ ಬರಬಾರದು, ಬಂದರೆ ಎಲ್ಲೋ ಶಾರ್ಟ್ ಆಗಿದೆ ಅಂತ.

ಎಲ್ಲ ಸರಿಯಿದ್ದೂ ಕೊರಕೊರ ಬಂದರೆ ಎಲ್‌ಇಡಿ ಲೈಟು, ಫೋನ್ ಚಾರ್ಜರ್, ಸೋಲಾರ್ ಕಂಟ್ರೋಲರ್ ಒಂದೊಂದಾಗಿ ಆಫ್ ಮಾಡಿ ನೋಡಿ. ನನ್ನದರಲ್ಲಿ ಕಳ್ಳ ಸಿಕ್ಕಿದ್ದು ನೂರು ರೂಪಾಯಿ ಚಾರ್ಜರ್!

ಭಾಗಮಂಡಲ ದಾರಿಯ ತಿರುವಿನಲ್ಲಿ ಗುಡ್ಡ ಅಡ್ಡ ಬಂದಾಗ ದನಿ ಹೋಗಿ ಬರುತ್ತೆ, ಅದಕ್ಕೆ ಯಾವ ಆಂಟೆನಾನೂ ಏನೂ ಮಾಡಲ್ಲ, ಅಂಗಡಿಯವನು ಏನೇ ಹೇಳಲಿ. ಭಾನುವಾರ ವ್ಯಾನ್ ತನ್ನಿ, ಮೀಟರ್ ನನ್ನ ಹತ್ತಿರ ಇದೆ. ಅಲ್ಲಿಯವರೆಗೆ ಎಲ್ಲೂ ತೂತು ಕೊರೆಸಬೇಡಿ ಭಾವ.