ಅಪ್‌ಡೇಟ್: ಪುಣೆಯಲ್ಲಿ ಕೆಲಸ ಸಿಕ್ಕಿತು

ನೌಕ್ರಿ ಜಾಬ್ ವೆಬ್‌ಸೈಟಿನಲ್ಲಿ ಎಷ್ಟು ಅರ್ಜಿ ಹಾಕಿದರೂ ಒಂದು ಫೋನೂ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಚಾಕಣ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿದೆ!

ನೀವು ಹೇಳಿದ ಹಾಗೆ ಪ್ರೊಫೈಲಿನ ಮೊದಲ ಸಾಲು ಬದಲಿಸಿದೆ. 'ಶ್ರಮಜೀವಿ, ಕಲಿಯುವ ಆಸಕ್ತಿ' ತೆಗೆದು 'ಕ್ವಾಲಿಟಿ ಇನ್‌ಸ್ಪೆಕ್ಟರ್, ವರ್ನಿಯರ್, ಮೈಕ್ರೋಮೀಟರ್, ಸಿಎಂಎಂ' ಅಂತ ಹುದ್ದೆಯ ಹೆಸರು, ನನಗೆ ಬರುವ ಅಳತೆ ಉಪಕರಣಗಳ ಹೆಸರು ಹಾಕಿದೆ. ಎಚ್‌ಆರ್‌ನವರು ಹುಡುಕೋದೇ ಇಂಥ ಪದಗಳನ್ನು, ಅಲ್ವಾ. ನೋಟಿಸ್ ಪೀರಿಯಡ್ (ಈಗಿನ ಕೆಲಸ ಬಿಡೋಕೆ ಎಷ್ಟು ದಿನ ಬೇಕು ಅನ್ನೋದು) ಖಾಲಿ ಬಿಡಬೇಡಿ ಅಂದವರಿಗೆ ಜಾಸ್ತಿ ಥ್ಯಾಂಕ್ಸ್. ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಪುಣೆ ಅಂತಷ್ಟೇ ಇಡದೆ ಚಾಕಣ್, ಭೋಸರಿ ಸೇರಿಸಿ ಜಾಬ್ ಅಲರ್ಟ್ ಇಟ್ಟೆ. ಹೊಸ ಜಾಹೀರಾತು ಬಂದ ದಿನವೇ ಅರ್ಜಿ.

ನಡುವೆ ಒಬ್ಬ ವಾಟ್ಸಾಪಿನಲ್ಲಿ ರಿಜಿಸ್ಟ್ರೇಷನ್ ಫೀ ಕೇಳಿದ. ಸುಮ್ನೆ ಬ್ಲಾಕ್ ಮಾಡಿದೆ.

ಸಂಬಳ ಹೇಳಿಕೊಳ್ಳುವಷ್ಟಿಲ್ಲ. ಆದರೆ ಪಿಎಫ್ ಇದೆ, ನಿಗಡಿಯಿಂದ ಕಂಪನಿ ಬಸ್ಸೂ ಇದೆ. ಸೋಮವಾರ ಜಾಯಿನ್ ಆಗುತ್ತೇನೆ.