ಅಷ್ಟೇನೂ ಎತ್ತರವಿಲ್ಲದ ಬಿಲ್ಲಿ ರೈಟ್ ಅವರು ಸೆಂಟರ್ ಹಾಫ್ ಸ್ಥಾನದಲ್ಲಿ ಹೇಗೆ ಆಡಿದರು?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಇಲ್ಲಿನ ಪ್ರೌಢಶಾಲೆಯೊಂದರ ಫುಟ್‌ಬಾಲ್ ತಂಡಕ್ಕೆ ನಾನು ತರಬೇತಿ ಕೊಡುತ್ತಿದ್ದೇನೆ. ಚೆಂಡಿನ ದಾರಿಯನ್ನು ಚೆನ್ನಾಗಿ ಗ್ರಹಿಸುವ ಹುಡುಗನೊಬ್ಬನನ್ನು ಕುಳ್ಳನೆಂಬ ಒಂದೇ ಕಾರಣಕ್ಕೆ ರಕ್ಷಣೆಯ ನಡುವೆ ನಿಲ್ಲಿಸಲು ಸಹೋದ್ಯೋಗಿಗಳು ಒಪ್ಪುತ್ತಿಲ್ಲ. ಸುಮಾರು 5 ಅಡಿ 8 ಅಂಗುಲ ಎತ್ತರದ ಬಿಲ್ಲಿ ರೈಟ್ ಅದೇ ಸ್ಥಾನದಲ್ಲಿ, ಅಂದರೆ ಸೆಂಟರ್ ಹಾಫ್ ಆಗಿ, ಇಂಗ್ಲೆಂಡಿಗೆ ಆಡಿದ್ದು ಹೇಗೆ? 1953ರಲ್ಲಿ ಹಂಗೇರಿಯ ಎದುರು 6–3ರಿಂದ ಸೋತಾಗಲೂ ಅವರು ಅಲ್ಲಿಯೇ ಇದ್ದರೇ?

ಉತ್ತರ (ಶಿವಮೊಗ್ಗದಿಂದ):
ಇಲ್ಲ ಸರ್. ಅಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸೆಂಟರ್ ಹಾಫ್ ಆಗಿದ್ದವರು ಹ್ಯಾರಿ ಜಾನ್ಸ್‌ಟನ್. ನಾಯಕ ರೈಟ್ ಬಲ ಹಾಫ್ ಬ್ಯಾಕ್, ಅಂದರೆ ರಕ್ಷಣೆಯ ಸ್ವಲ್ಪ ಮುಂದೆ ಬಲಬದಿಯಲ್ಲಿ ಆಡುವವರಾಗಿದ್ದರು. ಹಂಗೇರಿಯ ಸೆಂಟರ್ ಫಾರ್ವರ್ಡ್ (ನಡುವಿನ ಮುಂಚೂಣಿ ಆಟಗಾರ) ಹಿಡೆಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದ್ದರಿಂದ, ಅವರ ಬೆನ್ನು ಹತ್ತಬೇಕೋ ತಮ್ಮ ಜಾಗ ಕಾಯಬೇಕೋ ಎಂಬುದು ಜಾನ್ಸ್‌ಟನ್ ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಹಂಗೇರಿಯ ನಾಯಕ ಪುಸ್ಕಾಸ್ ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು, ಟ್ಯಾಕಲ್‌ಗೆ ಜಾರಿ ಬಂದ ರೈಟ್ ಅವರನ್ನು ದಾಟಿಸಿ ಹೊಡೆದ ಗೋಲೊಂದನ್ನೇ ಹಿಡಿದು ಅವರ ಇಡೀ ವೃತ್ತಿಯನ್ನು ಅಳೆಯುವುದು ಅನ್ಯಾಯವೆಂದು ನನ್ನ ದೃಢ ಅಭಿಪ್ರಾಯ.

ಸ್ಥಾನ ಬದಲಾದದ್ದು 1954ರ ಸ್ವಿಟ್ಜರ್ಲೆಂಡ್ ವಿಶ್ವಕಪ್‌ನಲ್ಲಿ. ಬೆಲ್ಜಿಯಂ ಎದುರಿನ ಪಂದ್ಯದಲ್ಲಿ ಸೆಂಟರ್ ಹಾಫ್ ಸಿಡ್ ಓವನ್ ಗಾಯಗೊಂಡ ಮೇಲೆ ರೈಟ್ ನಡುವಿಗೆ ಬಂದರು, ಅನಂತರ ಅದನ್ನೇ ತಮ್ಮ ಸ್ಥಾನವನ್ನಾಗಿ ಮಾಡಿಕೊಂಡರು. ಹಾಫ್ ಬ್ಯಾಕ್ ಆಗಿ ವರ್ಷಗಟ್ಟಲೆ ಆಡಿದ್ದರಿಂದ ಎದುರಾಳಿಯ ಪಾಸ್ ಎತ್ತ ಹೋಗಲಿದೆ ಎಂಬುದನ್ನು ಅವರು ಮೊದಲೇ ಊಹಿಸಬಲ್ಲವರಾಗಿದ್ದರು. ಜಿಗಿಯುವ ಕ್ಷಣವನ್ನು ಸರಿಯಾಗಿ ಆರಿಸಿಕೊಂಡು ತಮಗಿಂತ ಎತ್ತರದವರೊಡನೆಯೂ ತಲೆಯಿಂದ ಚೆಂಡಿಗಾಗಿ ಪೈಪೋಟಿ ನಡೆಸುತ್ತಿದ್ದರು.

ಉತ್ತರ (ಸಾಗರದಿಂದ):
ಎತ್ತರದ ಮಾತು ರೈಟ್ ಅವರಿಗೂ ತಪ್ಪಿರಲಿಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಕ್ಲಬ್ ಸೇರಿದ ಹೊಸತರಲ್ಲಿ ವ್ಯವಸ್ಥಾಪಕ ಫ್ರ್ಯಾಂಕ್ ಬಕ್ಲಿ ಅವರು ಹುಡುಗ ತೀರಾ ಚಿಕ್ಕವನೆಂದು ಮನೆಗೆ ಕಳುಹಿಸಲು ಹೊರಟಿದ್ದರು. ಅದೇ ಕ್ಲಬ್ಬಿನಲ್ಲಿಯೇ ಕೊನೆಯವರೆಗೂ ಉಳಿದ ರೈಟ್, 1949ರಲ್ಲಿ ಎಫ್‌ಎ ಕಪ್ ಎತ್ತಿ, ವ್ಯವಸ್ಥಾಪಕ ಸ್ಟ್ಯಾನ್ ಕಲಿಸ್ ಅವರ ಕೈಕೆಳಗೆ 1954, 1958 ಮತ್ತು 1959ರಲ್ಲಿ ಲೀಗ್ ಗೆದ್ದರು. ಇಂಗ್ಲೆಂಡಿಗೆ ಆಡಿದ 105ರಲ್ಲಿ 90 ಪಂದ್ಯಗಳಿಗೆ ಅವರೇ ನಾಯಕರು. ದೇಶಕ್ಕಾಗಿ 100 ಪಂದ್ಯ ಮುಟ್ಟಿದ ಜಗತ್ತಿನ ಮೊದಲ ಫುಟ್‌ಬಾಲ್ ಆಟಗಾರರೂ ಅವರೇ. 1959ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್ ಎದುರು ಅದು ನೆರವೇರಿತು. ಮುಂದೆ ಆರ್ಸೆನಲ್ ಕ್ಲಬ್ಬಿನ ವ್ಯವಸ್ಥಾಪಕರಾಗಿ ಅಂಥ ಯಶಸ್ಸು ಅವರಿಗೆ ಸಿಗಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಂದಿನ ತೊಗಲಿನ ಚೆಂಡು ನೀರು ಹೀರಿ ಭಾರವಾಗುತ್ತಿತ್ತು, ಕೆಸರಿನ ಮೈದಾನದಲ್ಲಿ ಅದನ್ನು ತಲೆಯಿಂದ ಆಡಲು ಎತ್ತರದಷ್ಟೇ ಧೈರ್ಯವೂ ಕುತ್ತಿಗೆಯ ಬಲವೂ ಬೇಕಾಗಿದ್ದವು. ನಮ್ಮ ಮಳೆಗಾಲದ ಮೈದಾನಗಳಲ್ಲಿ ಆಡಿದವರಿಗೆ ಕಾಲು ಊರುವುದೇ ಎಷ್ಟು ಕಷ್ಟವೆಂಬುದು ಗೊತ್ತಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಹುಡುಗನನ್ನು ನೇರವಾಗಿ ನಡುವೆ ನಿಲ್ಲಿಸುವುದು ಸರಿಯೇ?

ಉತ್ತರ (ಶಿವಮೊಗ್ಗದಿಂದ):
ಈ ವರ್ಷ ಅವನನ್ನು ರಕ್ಷಣೆಯ ಸ್ವಲ್ಪ ಮುಂದೆ ಆಡಿಸಿ, ಚೆಂಡು ಕಸಿಯುವುದರ ಜೊತೆಗೆ ಕಸಿದ ಚೆಂಡನ್ನು ನಮ್ಮವರಿಗೇ ತಲುಪಿಸುವ ಅಭ್ಯಾಸ ಮಾಡಿಸಿ. ಮುಂದಿನ ವರ್ಷ ಹಿಂದಕ್ಕೆ ತನ್ನಿ.